ಕೋಡಿನ ಚೂರು, ಬರಿಯ ಬೆರಳು

ಹುಕ್ಕೇರಿ
೧೨ ಜನವರಿ ೨೦೨೫

ಅಣ್ಣಾ,

ಮನೆಯಲ್ಲಿ ಎರಡೆರಡು ಫೋನ್ ಇಟ್ಟುಕೊಂಡು ಈ ಗೌರವ್ವ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ನಾನು ಫೋನ್ ಮಾಡಿದಾಗಲೆಲ್ಲ ನೀನು "ಆರಾಮ ಅದೀನವ್ವಾ, ತಗೋ, ನಿಮ್ಮ ವೈನಿ ಜೋಡಿ ಮಾತಾಡು" ಎಂದು ಬಾಳವ್ವ ವೈನಿಯ ಕೈಗೆ ದಾಟಿಸಿಬಿಡುತ್ತೀ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ. ಪೂರ್ತಿ ಓದಬೇಕು.

ಮೊದಲು ಸುದ್ದಿ. ನಮ್ಮ ಅರ್ಚನಾಳ ನಿಶ್ಚಯವಾಯಿತು. ಹುಡುಗ ಮೂಡಲಗಿಯವನು, ಹೆಸರು ಪ್ರಭು, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಾತು ಕಡಿಮೆ, ಊಟ ಗಟ್ಟಿ. ನಮ್ಮ ಮನೆಯವರಿಗೆ ಅದೇ ಬಹಳ ಹಿಡಿಸಿದೆ. ಮೇ ತಿಂಗಳಲ್ಲಿ ಇಲ್ಲಿಯೇ ಮದುವೆ. ಸೋದರಮಾವನಾಗಿ ನೀನು ನಾಲ್ಕು ದಿನ ಮೊದಲೇ ಬಂದು ಕೂರಬೇಕು, ಈಗಲೇ ಹೇಳಿರುತ್ತೇನೆ.

ಇನ್ನು ಹೇಳಲು ಹೆದರಿಕೆಯಾಗುವ ಮಾತು. ಬೀಗರು ಹುಡುಗಿಗೆ ಏನು ಬೇಕು ಎಂದು ಕೇಳಿದರು. ಇವಳು ಸೀರೆ ಎನ್ನಲಿಲ್ಲ, ಬಂಗಾರ ಎನ್ನಲಿಲ್ಲ. "ಮದವ್ಯಾಗ ನಮ್ಮ ಮಾಮಾನ ಮ್ಯಾಂಡೋಲಿನ್ ಆಗಬೇಕ್ರಿ" ಎಂದಳು. ಒಳಗೆ ಕರೆದು ಬೈದೆ. "ಮಾಮಾನ ಕೈ ನೋಡಿಲ್ಲೇನ ನೀ?" ಅಂದೆ. "ನೋಡೇನಿ ಯವ್ವಾ. ಅದಕ್ಕ ಕೇಳಾಕತ್ತೇನಿ" ಅಂದಳು.

ಅಣ್ಣಾ, ನನಗೂ ತಿಳಿಯುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆಸುವಾಗ ಬಿದ್ದ ಚೂರನ್ನು ಆರಿಸಿ, ಗಾಜಿನಿಂದ ಉಜ್ಜಿ ನಯಮಾಡಿ, ವರ್ಷವಿಡೀ ಅದರಲ್ಲೇ ತಂತಿ ಮೀಟುವವನು ನೀನು. ಆ ಚೂರು ನಿಲ್ಲುವುದೇ ಹೆಬ್ಬೆರಳು, ತೋರುಬೆರಳುಗಳ ನಡುವೆ. ದೀಪಾವಳಿಯ ಮುಂಚೆ ಆ ಮೇವು ಕತ್ತರಿಸುವ ಯಂತ್ರ ನಿನ್ನ ಬಲಗೈ ಹೆಬ್ಬೆರಳನ್ನೇ ಅರ್ಧಕ್ಕೆ ತೆಗೆದುಕೊಂಡಿತು. ಅಂದಿನಿಂದ ನೀನು ಆ ವಿಷಯ ಎತ್ತಿಲ್ಲ. ನಾವೂ ಎತ್ತಿಲ್ಲ. ಎತ್ತದೆ ಇದ್ದದ್ದು ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ.

ಉತ್ತರ ಬರೆ. ವೈನಿಯ ಕೈಯಿಂದ ಬರೆಸಿದರೂ ಆದೀತು, ಆದರೆ ಮಾತು ನಿನ್ನದಿರಲಿ.

ನಿನ್ನ ತಂಗಿ
ಗೌರವ್ವ


ಕುಲಗೋಡ
೨೬ ಜನವರಿ ೨೦೨೫

ತಂಗಿ ಗೌರವ್ವನಿಗೆ ಲಕ್ಕಪ್ಪನ ಆಶೀರ್ವಾದ.

ನಾನು ಹೇಳುತ್ತಿದ್ದೇನೆ, ನಿಮ್ಮ ವೈನಿ ಬರೆಯುತ್ತಿದ್ದಾಳೆ. ಅರ್ಚನಾಳ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಹುಡುಗ ಊಟ ಮಾಡುತ್ತಾನೆ ಎಂದರೆ ಒಳ್ಳೆಯವನೇ ಇರಬೇಕು. ಮದುವೆಗೆ ಬರುತ್ತೇನೆ. ಚಪ್ಪರ ಹಾಕಿಸುವುದಿರಲಿ, ಬೀಗರ ಕಾಲಿಗೆ ನೀರು ಕೊಡುವುದಿರಲಿ, ಸೋದರಮಾವ ಏನೇನು ಮಾಡಬೇಕೋ ಎಲ್ಲ ಮಾಡುತ್ತೇನೆ. ಆ ಇನ್ನೊಂದು ಮಾತು ಕೇಳಬೇಡ. ಈಗ ಎಲ್ಲರೂ ಡಿಜೆ ತರಿಸುತ್ತಾರೆ, ನೀವೂ ತರಿಸಿ. ಹುಡುಗರು ಕುಣಿಯುತ್ತಾರೆ.

ಇಲ್ಲಿ ಎಲ್ಲ ಆರಾಮ. ಕಬ್ಬು ಕಾರ್ಖಾನೆಗೆ ಹೋಯಿತು. ಕೈ ನೋವಿಲ್ಲ.

(ಗೌರವ್ವ, ಇಷ್ಟು ಹೇಳಿ ಅವರು ಎದ್ದು ಹೋದರು. ಇನ್ನು ಮುಂದಿನದು ನನ್ನದು. ಕೈ ನೋವಿಲ್ಲ ಎಂಬುದು ಖರೆ. ಉಳಿದದ್ದಕ್ಕೆ ಏನು ಹೇಳಲಿ? ಮ್ಯಾಂಡೋಲಿನ್ನನ್ನು ಹಳೆಯ ಧೋತರದಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದ್ದಾರೆ. ಓಣಿಯಲ್ಲಿ ಮದುವೆಯ ವಾದ್ಯ ಬಂದರೆ ಹೊಲಕ್ಕೆ ಹೋಗುತ್ತಾರೆ. ಹೋದ ವಾರ ನಾಗನೂರಿನಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗನ ಮದುವೆ ಇತ್ತು. ಅಕ್ಷತೆ ಹಾಕಿದ್ದೇ ತಡ, ಊಟಕ್ಕೂ ನಿಲ್ಲದೆ ಬಸ್ ಹತ್ತಿದರು. "ಹೊಟ್ಟಿ ಸರಿ ಇಲ್ಲ" ಅಂದರು. ಮನೆಗೆ ಬಂದು ಮೂರು ರೊಟ್ಟಿ ತಿಂದರು.)

ಬಾಳವ್ವ


ಹುಕ್ಕೇರಿ
೨೦ ಫೆಬ್ರುವರಿ ೨೦೨೫

ಅಣ್ಣಾ,

ಈ ಸಲ ಸಿಹಿ ಸುದ್ದಿ ಇದೆ. ಬೇಕಾದರೆ ಒಂದು ತುಂಡು ಕರದಂಟು ಬಾಯಿಗೆ ಹಾಕಿಕೊಂಡು ಓದು.

ನಮ್ಮ ಮನೆಯವರು ಹಳೆಯ ಫೋನ್ ತೆಗೆದು ನೋಡುತ್ತಿದ್ದಾಗ ಅದರಲ್ಲಿ ನೀನು ಸಿಕ್ಕೆ! ನಮ್ಮ ಬಾಜೂ ಮನೆಯ ಬಸವಣ್ಣೆಪ್ಪನವರ ಮಗಳ ಮದುವೆಯಲ್ಲಿ ನೀನು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕುಳಿತು ಬಾರಿಸಿದ್ದನ್ನು ಇವರು ಪೂರ್ತಿ ರೆಕಾರ್ಡ್ ಮಾಡಿಕೊಂಡಿದ್ದಾರೆ. ಗೋಕಾಕದ ಡಿಜೆ ಹುಡುಗನಿಗೆ ಕೊಟ್ಟರೆ ಅವನು ಗಲಾಟೆ ಎಲ್ಲ ತೆಗೆದು ಸ್ವಚ್ಛ ಮಾಡಿಕೊಟ್ಟ. ಮೆರವಣಿಗೆಯಲ್ಲಿ ಅದನ್ನೇ ದೊಡ್ಡ ಸ್ಪೀಕರಿಗೆ ಹಾಕಿಸುತ್ತೇವೆ. ಇಡೀ ಹುಕ್ಕೇರಿ ಕೇಳಬೇಕು. ನೀನು ಕೈ ನೋಯಿಸಿಕೊಳ್ಳುವುದು ಬೇಡ, ಅರ್ಚನಾಳ ಆಸೆಯೂ ತೀರುತ್ತದೆ. ಹೇಗಿದೆ ನಮ್ಮ ಮನೆಯವರ ತಲೆ? ಇಷ್ಟು ವರ್ಷಕ್ಕೆ ಒಮ್ಮೆ ಓಡಿದೆ.

ನಿನ್ನೆ ಅಡುಗೆಮನೆಯಲ್ಲಿ ಅದನ್ನು ಹಚ್ಚಿದ್ದರು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಕುಳಿತುಬಿಟ್ಟೆ. ಹಂಚಿನ ಮೇಲಿನದು ಸೀದಿತು.

ನಿನ್ನ ತಂಗಿ
ಗೌರವ್ವ


ಕುಲಗೋಡ
೨ ಮಾರ್ಚ್ ೨೦೨೫

ಗೌರವ್ವನಿಗೆ,

ನಾನು ಇನ್ನೂ ಇದ್ದೇನೆ. ಇರುವವನ ಫೋಟೋಕ್ಕೆ ಹಾರ ಹಾಕುವ ಕೆಲಸವನ್ನು ನೀವು ಮಾಡಿದ್ದೀರಿ. ಆ ಸ್ಪೀಕರಿನ ಹಿಂದೆ ನಾನು ಈ ಕೈ ಇಟ್ಟುಕೊಂಡು ನಡೆಯಬೇಕು, ಜನ ನನ್ನನ್ನೂ ಸ್ಪೀಕರನ್ನೂ ನೋಡಬೇಕು, ಪಾಪ ಎನ್ನಬೇಕು. ನನ್ನಿಂದ ಆಗುವುದಿಲ್ಲ.

ನಾನು ಮದುವೆಗೆ ಬರುವುದಿಲ್ಲ. ಸೋದರಮಾವನ ಕೆಲಸಕ್ಕೆ ಕಾಕಾನ ಮಗ ಲಗಮಪ್ಪನನ್ನು ಕಳಿಸುತ್ತೇನೆ. ಅರ್ಚನಾಳಿಗೆ ನನ್ನ ಆಶೀರ್ವಾದ ಇದ್ದೇ ಇದೆ.

ಲಕ್ಕಪ್ಪ

(ಇದನ್ನು ಬರೆಯುವುದಿಲ್ಲ ಎಂದೆ. "ಬರಿ" ಅಂದರು. ಹರಿದು ಹಾಕಲೇ ಎಂದುಕೊಂಡೆ. ಆದರೆ ದೀಪಾವಳಿಯಿಂದ ಈಚೆಗೆ ಅವರು ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿಬಿಟ್ಟು ಹೇಳಿದ್ದು ಇದೊಂದೇ. ಅದಕ್ಕೆ ಹಾಗೆಯೇ ಕಳಿಸುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಕ್ಷಮಿಸು, ಕಣ್ಣು ಮಂಜಾಗಿತ್ತು. — ಬಾಳವ್ವ)


ಹುಕ್ಕೇರಿ
೯ ಮಾರ್ಚ್ ೨೦೨೫

ಅಣ್ಣಾ,

ನಿನಗೆ ಹಬ್ಬವಾಗುತ್ತದೆ ಎಂದುಕೊಂಡಿದ್ದೆವು. ನಮ್ಮ ತಲೆಗೆ ಬೇರೆ ಏನೂ ಹೊಳೆಯಲೇ ಇಲ್ಲ. ಅದನ್ನು ಹಾಕುವುದಿಲ್ಲ, ಆ ಮಾತು ಬಿಡು.

ಆದರೆ ಲಗಮಪ್ಪ ಏಕೆ ಬರಬೇಕು? ನನಗೆ ಅಣ್ಣ ಒಬ್ಬನೇ. ನೀನು ಬಾರದ ಮದುವೆಯಲ್ಲಿ ನಾನು ಮಗಳನ್ನು ಹೇಗೆ ಕಳಿಸಿಕೊಡಲಿ?

ನನ್ನ ಮದುವೆ ನೆನಪಿದೆಯೇ? ಕುಲಗೋಡದ ಅಗಸಿ ಬಾಗಿಲಿನಿಂದ ನಮ್ಮ ಮನೆಯವರೆಗೆ ನೀನು ನಿಲ್ಲಿಸದೆ ಬಾರಿಸಿದೆ. ಊರಿಗೆ ಊರೇ ಕುಣಿಯಿತು. ನಮ್ಮ ಅತ್ತೆ ಕೂಡ ಸೆರಗು ಸಿಕ್ಕಿಸಿಕೊಂಡು ಕುಣಿದರು. ಕುಣಿಯದೆ ಇದ್ದವನು ನೀನೊಬ್ಬನೇ. ಟೆಂಪೋ ಹತ್ತುವಾಗ ನಾನು ನಿನ್ನ ಕೈ ಹಿಡಿಯಬೇಕೆಂದು ತಿರುಗಿದೆ. ನಿನ್ನ ಎರಡೂ ಕೈಗಳು ಮ್ಯಾಂಡೋಲಿನ್ ಮೇಲೆ ಇದ್ದವು. ಅದಕ್ಕೆ ಬೇಜಾರಿಲ್ಲ, ಆ ನಾದ ಹುಕ್ಕೇರಿಯವರೆಗೆ ನನ್ನ ಕಿವಿಯಲ್ಲಿ ಬಂತು. ಈಗ ಏಕೋ ನೆನಪಾಯಿತು, ಬರೆದೆ.

ಅರ್ಚನಾ ಬರುವ ಶನಿವಾರ ಅಲ್ಲಿಗೆ ಹೊರಟಿದ್ದಾಳೆ. ನಾನು ಕಳಿಸುತ್ತಿಲ್ಲ. "ಮಾಮಾ ಬರ್ತಾನೋ ಇಲ್ಲೋ ನಾ ಕೇಳ್ಕೊಂಡ ಬರ್ತೇನಿ" ಎಂದು ಚೀಲ ತುಂಬಿಕೊಳ್ಳುತ್ತಿದ್ದಾಳೆ. ನಿನ್ನ ಹಟ ಯಾರಿಗೆ ಬಂದಿದೆ ಎಂದು ಗೊತ್ತಾಯಿತು.

ಗೌರವ್ವ


ಕುಲಗೋಡ
೩ ಏಪ್ರಿಲ್ ೨೦೨೫

ಪ್ರೀತಿಯ ಗೌರವ್ವ,

ಯುಗಾದಿ ಮುಗಿಯಿತು, ಕೈಗೆ ಸ್ವಲ್ಪ ಬಿಡುವು ಸಿಕ್ಕಿತು. ಈ ಕಾಗದ ಪೂರ್ತಿ ನನ್ನದು. ಅವರು ಹೊಲದಲ್ಲಿದ್ದಾರೆ.

ನಿನ್ನ ಮಗಳು ಬಂದ ಮೇಲೆ ನಡೆದದ್ದನ್ನು ಅವಳು ನಿನಗೆ ಹೇಳಿರಬಹುದು. ಆದರೂ ನಾನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವಳು ಬಂದವಳೇ ಮಾಮಾನ ಜೊತೆ ಮದುವೆಯ ಮಾತೇ ಎತ್ತಲಿಲ್ಲ. ನಿಚ್ಚಣಿಕೆ ಹಾಕಿ ಅಟ್ಟ ಹತ್ತಿ ಮ್ಯಾಂಡೋಲಿನ್ ಇಳಿಸಿದಳು. ಧೂಳು ಒರೆಸಿ ಕಟ್ಟೆಯ ಮೇಲೆ ಕುಳಿತು ತಂತಿ ಬಿಗಿಯತೊಡಗಿದಳು. ಅವರು ದನದ ಮನೆಯಲ್ಲಿ ಸಗಣಿ ಬಳಿಯುತ್ತಿದ್ದರು. ಒಂದು ಜೋಡಿ ತಂತಿ ಸರಿ ಕೂರಲೇ ಇಲ್ಲ. ಅವಳು ಬೇಕೆಂದೇ ಹಾಗೆ ಮಾಡಿದಳೋ, ಬಾರದೆ ಮಾಡಿದಳೋ ಶಿವನೇ ಬಲ್ಲ. ಇವರು ಸ್ವಲ್ಪ ಹೊತ್ತು ತಡೆದರು. ಕೊನೆಗೆ ಒಳಗಿನಿಂದಲೇ ಕೂಗಿದರು: "ಮೂರನೇದ ಇಳಿಸು, ಕಿವ್ಯಾಗ ಹುಳ ಬಿಟ್ಟಂಗ ಆಗಾಕತ್ತೈತಿ!"

ಅವಳು ಇಳಿಸಿದಳು. ಆಮೇಲೆ, ಸಣ್ಣವಳಿದ್ದಾಗ ಸೂಟಿಗೆ ಇಲ್ಲಿಗೆ ಬಂದು ಅವರಿಂದಲೇ ಕಲಿತಿದ್ದ ಪಂಚಮಿಯ ಜೋಕಾಲಿ ಹಾಡನ್ನು ಬರಿಯ ಬೆರಳಿನಿಂದ ಮೀಟತೊಡಗಿದಳು. ಇವರು ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಚೂರ ತಗೊಂಡ ಬಾರಿಸು. ಗೂಟಕ್ಕ ತೂಗಹಾಕಿದ ಡಬ್ಬ್ಯಾಗ ಐತಿ" ಅಂದರು.

"ನೀ ನನಗ ಮೊದಲನೇ ವರ್ಷ ಚೂರ ಮುಟ್ಟಾಕ ಕೊಟ್ಟಿದ್ದಿಲ್ಲಲ್ಲ ಮಾಮಾ. ಬೆರಳಲೇ ಕಲಿ ಅಂದಿದ್ದಿ."

"ಅದು ಕಲಿಯೋ ಮಂದಿಗೆ."

"ಹಂಗಾರ ಮತ್ತ ಕಲಿ" ಅಂದು ಮ್ಯಾಂಡೋಲಿನ್ನನ್ನು ಅವರ ತೊಡೆಯ ಮೇಲೆ ಇಟ್ಟುಬಿಟ್ಟಳು. ಅವರು ಎಸೆದೇಬಿಡುತ್ತಾರೆ ಎಂದುಕೊಂಡೆ.

ಎಸೆಯಲಿಲ್ಲ. ಮೊಂಡು ಹೆಬ್ಬೆರಳನ್ನು ಹಲಗೆಗೆ ಆನಿಸಿ, ತೋರುಬೆರಳು, ನಡುಬೆರಳುಗಳಿಂದ ಮೀಟಿದರು. ಚೂರಿನಲ್ಲಿ ಬಾರಿಸಿದರೆ ಸ್ವರ ಝರಝರನೆ ನಡುಗುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದಲ್ಲ, ಇದು ಹಾಗಲ್ಲ. ಒಂದು ಸ್ವರ ಹುಟ್ಟುತ್ತದೆ, ಅಲ್ಲೇ ಕೂತುಬಿಡುತ್ತದೆ. ಅವರಿಗೆ ಸಿಟ್ಟು ಬಂತು. "ಇದು ವರಾತಿಗೆ ನಡಿಯೂದಿಲ್ಲ. ಮೆರವಣಿಗ್ಯಾಗ ನನ್ನ ಕಿವಿಗೂ ಕೇಳೂದಿಲ್ಲ ಇದು" ಅಂದರು.

ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಬಾಯಿಗೆ ಬಂದದ್ದನ್ನು ಅಂದೆ: "ವರಾತ ಯಾಕ್ರಿ? ಸುರಗಿಗೆ ಬಾರಸ್ರಿ." ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಷಿಣ ಹಚ್ಚಿ ಎರೆಯುವಾಗ ನಾವು ಹೆಂಗಸರು ಹಾಡುವ ಹಾಡು ಎಷ್ಟು ನಿಧಾನದ್ದು ಎಂದು ನಿನಗೇ ಗೊತ್ತು. ಸ್ವರ ಎಳೆಯುವ ಕೆಲಸ ನಮ್ಮದು, ಅವರು ಸುಮ್ಮನೆ ಅಲ್ಲಲ್ಲಿ ಮುಟ್ಟಿದರೆ ಸಾಕು. ಹೀಗೆ ಎಂದು ತೋರಿಸಲು ನಾನೇ ಹಾಡಿದೆ. ಅವರು ಹಿಂದೆ ಹಿಂದೆ ಮೀಟುತ್ತ ಬಂದರು. ಹಾಡು ಮುಗಿದ ಮೇಲೆ ನನ್ನ ಮುಖವನ್ನೇ ನೋಡುತ್ತ ಕುಳಿತರು.

"ನಿನ್ನ ದನಿ ಹಿಂಗೈತೇನು?" ಅಂದರು.

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ ಗೌರವ್ವ. ಅವರು ಬಾರಿಸುವಾಗಲೆಲ್ಲ ನಾನು ಒಲೆಯ ಮುಂದೆ ಹಾಡಿಕೊಂಡೇ ಇದ್ದೆ. ಚೂರಿನ ಅಬ್ಬರದಲ್ಲಿ ಕೇಳಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. "ಅಕ್ಕ್ಯಾಗ ಹರಳ ಭಾಳ ಅದಾವು" ಅಂದೆ.

ಈಗ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಬಾರಿಸುತ್ತಾರೆ. ಮದುವೆಗೆ ಬರುತ್ತಾರೆ. ಸುರಗಿಗೆ ಮಾತ್ರ ಬಾರಿಸುತ್ತಾರೆ, ಅದೂ ಮನೆಯ ಹೆಂಗಸರ ಮುಂದೆ. ಒಂದೇ ಒಂದು ಕರಾರು: ಆ ರೆಕಾರ್ಡ್ ಎಲ್ಲಿಯೂ ಕೇಳಿಸಬಾರದು. ಇಷ್ಟು ದಿನಕ್ಕೆ ನೆಲಕ್ಕೆ ಕಾಲೂರಿದ್ದಾರೆ, ಈಗ ಯಾರೂ ತಳ್ಳಬೇಡಿ.

ನಿನ್ನ
ಬಾಳವ್ವ


ಹುಕ್ಕೇರಿ
೨೧ ಮೇ ೨೦೨೫

ಬಾಳವ್ವ ವೈನಿಗೆ ನಮಸ್ಕಾರ.

ನಿಮ್ಮ ಮಗಳು, ಬಾಣಂತಿ ಶೋಭಾ ಹೇಗಿದ್ದಾಳೆ? ಮಗು ಹಾಲು ಕುಡಿಯುತ್ತಿದೆಯೇ? ನಿಮ್ಮ ಮೊಮ್ಮಗಳು ನೋಡಿ, ಸರಿಯಾಗಿ ಅತ್ತೆ ಅರ್ಚನಾಳ ಮದುವೆಯ ಹೊತ್ತಿಗೇ ಹುಟ್ಟಿ ನಿಮ್ಮನ್ನು ಗೋಕಾಕದ ದವಾಖಾನೆಯಲ್ಲಿ ಕಟ್ಟಿಹಾಕಿದಳು. ನೀವಿಲ್ಲದ್ದು ಹೆಜ್ಜೆ ಹೆಜ್ಜೆಗೆ ಗೊತ್ತಾಯಿತು. ನಿಮ್ಮ ಗಂಡ ಮದುವೆಯ ಬಗ್ಗೆ "ಎಲ್ಲಾ ಚಲೋ ಆತು" ಎಂದಷ್ಟೇ ಹೇಳಿರುತ್ತಾನೆ, ಪಣ ಕಟ್ಟುತ್ತೇನೆ. ವಿಡಿಯೋ ಕಳಿಸಿದ್ದಾರಂತೆ, ಆದರೆ ಅದರಲ್ಲಿ ಬರೀ ಜನರ ತಲೆಗಳೇ ಇವೆ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಸುರಗಿಗೆ ಅಣ್ಣ ಗೋಡೆಗೆ ಆನಿಕೊಂಡು ಕುಳಿತ. ಹೊಸ ಅಂಗಿ, ತಲೆಗೆ ಟೋಪಿ, ಮುಖದಲ್ಲಿ ಪರೀಕ್ಷೆಗೆ ಬಂದ ಹುಡುಗನ ಕಳೆ. ನಾವು ಹಾಡತೊಡಗಿದೆವು. ಮೊದಲ ಹಾಡಿನ ನಡುವೆ ಅವನ ಬೆರಳು ಜಾರಿ ತಪ್ಪು ತಂತಿಗೆ ಬಿತ್ತು. ನಿಂತುಬಿಟ್ಟ. ವೈನಿ, ನಾವು ನಿಲ್ಲಲಿಲ್ಲ. ಯಾರೂ ಯಾರಿಗೂ ಹೇಳಿದ್ದಲ್ಲ, ಎಲ್ಲರೂ ಅದೇ ಸಾಲನ್ನು ಮತ್ತೆ ಎತ್ತಿಕೊಂಡೆವು. ಅವನು ಬರುವವರೆಗೆ ಅದನ್ನೇ ಹಾಡುತ್ತ ಹೋದೆವು. ಅವನು ಬಂದ. ಅರಿಷಿಣ ಮೆತ್ತಿಕೊಂಡು ಕುಳಿತಿದ್ದ ಅರ್ಚನಾ ತಲೆ ಎತ್ತದೆ ನಗುತ್ತಿದ್ದಳು, ಕಣ್ಣೀರು ಅರಿಷಿಣದ ಮೇಲೆ ಗೆರೆ ಹೊಡೆದಿತ್ತು. ನಮ್ಮ ಮುದುಕಿ ಅತ್ತೆ ಹಾಡು ಮುಗಿದ ಮೇಲೆ ಅವನಿಗೆ ಅಂದರು: "ಲಕ್ಕಪ್ಪಾ, ಮೊದಲ ನೀ ಬಾರಿಸಿದ್ರ ನಿನ್ನ ಕೇಳತಿದ್ವಿ. ಇವತ್ತ ನಮ್ಮನ್ನೂ ನಾವು ಕೇಳಿದ್ವಿ ನೋಡು."

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು ಎಂದು ಮರುದಿನ ಮಧ್ಯಾಹ್ನದವರೆಗೂ ಅಂದುಕೊಂಡಿದ್ದೆ.

ಮೆರವಣಿಗೆ ಹೊರಟಿತು. ಡಿಜೆ ಗಾಡಿ ಮುಂದೆ, ಮದುಮಕ್ಕಳ ಜೀಪು ಹಿಂದೆ, ಅಣ್ಣ ಜೀಪಿನ ಬಾಜೂ ನಡೆಯುತ್ತಿದ್ದ. ಬಜಾರದ ತಿರುವಿಗೆ ಬಂದಾಗ ಆ ಧಡಧಡ ಹಾಡು ನಿಂತಿತು. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಆ ಎತ್ತರದ ಸ್ಪೀಕರಿನಿಂದ ಮ್ಯಾಂಡೋಲಿನ್ ಎದ್ದು ಬಂತು. ಅವನದೇ. ಕೋಡಿನ ಚೂರಿನದು, ಝರಝರನೆ, ಇಡೀ ಬಜಾರು ತುಂಬುವಂತೆ.

ಆ ಡಿಜೆ ಹುಡುಗನಿಗೆ ಬೇಡ ಎಂದು ಹೇಳಿಯೇ ಇರಲಿಲ್ಲ. ನಮ್ಮ ಮನೆಯವರು ಹೇಳಿರುತ್ತಾರೆ ಎಂದು ನಾನು, ನಾನು ಹೇಳಿರುತ್ತೇನೆ ಎಂದು ಅವರು. ಓಡಿಹೋಗಿ ನಿಲ್ಲಿಸಲು ಇವರು ಜನರ ನಡುವೆ ನುಗ್ಗತೊಡಗಿದರು. ಅರ್ಚನಾ ಜೀಪಿನಲ್ಲಿ ಎದ್ದು ನಿಂತಳು. ನಾನು ಅಣ್ಣನ ಮುಖ ನೋಡಿದೆ. ಅವನು ಬಿಟ್ಟು ಹೋಗುತ್ತಾನೆ, ಇನ್ನೆಂದೂ ಬರುವುದಿಲ್ಲ ಎಂದೇ ಅನಿಸಿತು.

ಅವನು ತಲೆ ಓರೆ ಮಾಡಿ ಕೇಳುತ್ತ ನಿಂತಿದ್ದ. ಪ್ರಭುವಿನ ಕಡೆಯ ಹುಡುಗರು ಆಗಲೇ ಕುಣಿಯತೊಡಗಿದ್ದರು, ಅವರಿಗೇನು ಗೊತ್ತು? ಅಣ್ಣ ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ, ಎಡಗೈಯನ್ನೂ ನೋಡಿಕೊಂಡ. ಟೋಪಿ ತೆಗೆದು ನನ್ನ ಕೈಗೆ ಕೊಟ್ಟ.

"ಇಷ್ಟ ವರ್ಷ ಕೈ ಖಾಲಿ ಇದ್ದಿಲ್ಲವ್ವಾ ಗೌರವ್ವಾ" ಅಂದ.

ಆಮೇಲೆ ಆ ಹುಡುಗರ ನಡುವೆ ಹೋಗಿ ಕುಣಿಯತೊಡಗಿದ. ವೈನಿ, ನಿಮ್ಮ ಗಂಡನಿಗೆ ಕುಣಿಯಲು ಬರುವುದಿಲ್ಲ! ತಾನೇ ಬಾರಿಸಿದ ತಾಳಕ್ಕೆ ತನ್ನ ಕಾಲೇ ಕೂರುತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ, ಮೊಂಡು ಹೆಬ್ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ, ಬಜಾರದ ನಡುವೆ ಕುಣಿದ. ಊರಿನವರು ಗುರುತು ಹಿಡಿದು "ಬಾರಿಸಿದಾಂವ ಇವನ!" ಎಂದು ಕೂಗಿದರು. ನಮ್ಮ ಮನೆಯವರು ಡಿಜೆ ಗಾಡಿಯ ಹತ್ತಿರ ಹೋದವರು ನಿಲ್ಲಿಸಲು ಎತ್ತಿದ ಕೈಯನ್ನು ಹಾಗೆಯೇ ಹಿಡಿದು ಅಲ್ಲೇ ಕುಣಿಯುತ್ತಿದ್ದರು. ಅಣ್ಣ ನನ್ನನ್ನೂ ಎಳೆದ. ನಾನು ಟೋಪಿ ಹಿಡಿದುಕೊಂಡೇ ಕುಣಿದೆ, ಅತ್ತುಕೊಂಡೇ ಕುಣಿದೆ.

ಅರ್ಚನಾ ಮೂಡಲಗಿಗೆ ಹೊರಡುವಾಗ ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಅವನು ತಿರುಗಿ ನನ್ನ ಕೈಯನ್ನೂ ಹಿಡಿದ. ಟೆಂಪೋ ಹತ್ತುವಾಗಿನ ಮಾತು ಬರೆದಿದ್ದ ಆ ಕಾಗದವನ್ನು ಅವನು ಮರೆತಿರಲಿಲ್ಲ.

ನಿಮ್ಮ
ಗೌರವ್ವ


ಕುಲಗೋಡ
೧೮ ಜುಲೈ ೨೦೨೫

ಗೌರವ್ವಾ,

ಅಕ್ಷರ ನೋಡಿ ಇದು ಯಾರದೆಂದು ಗಾಬರಿಯಾಗಬೇಡ. ನನ್ನದೇ. ಪೆನ್ನನ್ನು ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ವೈನಿಯ ಕೈಯಿಂದ ಬರೆಸಿದರೆ ಅವಳು ತನ್ನದನ್ನೂ ಸೇರಿಸುತ್ತಾಳೆ ಎಂದು ನನಗೆ ಈಗ ತಿಳಿದಿದೆ. ಸುಳ್ಳೇನೂ ಸೇರಿಸಿಲ್ಲ ಎಂದೂ ತಿಳಿದಿದೆ.

ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆಯಲು ಬಂದವನು ಪ್ರತಿ ವರ್ಷದ ರೂಢಿಯಂತೆ ಒಂದು ಒಳ್ಳೆಯ ಚೂರನ್ನು ಆರಿಸಿ ನನ್ನ ಕೈಗೆ ಕೊಟ್ಟ. ಕೊಟ್ಟ ಮೇಲೆ ನೆನಪಾಗಿ ಪೇಚಾಡಿದ. ನಾನು ಇಟ್ಟುಕೊಂಡೆ. ಗಾಜಿನಿಂದ ಉಜ್ಜಿ ಈ ಕಾಗದದಲ್ಲಿ ಮಡಿಸಿ ಇಟ್ಟಿದ್ದೇನೆ, ತೆಗೆಯುವಾಗ ಬಿದ್ದೀತು. ಅದು ಅರ್ಚನಾಳದ್ದು. ಅವಳು ಬೆರಳಿನಲ್ಲಿ ಕಲಿತದ್ದು ಸಾಕು.

ಪಂಚಮಿಗೆ ಬಾ. ಮದುವೆಯಾದ ಮೊದಲ ಪಂಚಮಿಗೆ ಅರ್ಚನಾ ಹೇಗೂ ನಿನ್ನ ಹತ್ತಿರ ಬರುತ್ತಾಳೆ, ಅವಳನ್ನೂ ಕರೆದುಕೊಂಡು ಬಾ. ನಿಮ್ಮ ವೈನಿ ಉಂಡಿಗೆ ಎಳ್ಳು ಹುರಿಯುತ್ತಿದ್ದಾಳೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಲು ಹೊಸ ಹಗ್ಗ ತಂದಿದ್ದೇನೆ. ಅರ್ಚನಾ ಚೂರಿನಲ್ಲಿ ಬಾರಿಸಲಿ, ನಾನು ಬೆರಳಿನಲ್ಲಿ ಬಾರಿಸುತ್ತೇನೆ, ನೀವು ಹಾಡಿ.

ಒಂದು ಮಾತು. ಸಣ್ಣವಳಿದ್ದಾಗಿನ ಹಾಗೆ ಟೊಂಗೆ ಮುಟ್ಟುವಷ್ಟು ಎತ್ತರಕ್ಕೆ ಜೀಕಬೇಡ. ನನ್ನ ಬೆರಳಿನ ನಾದ ಈಗ ಅಷ್ಟು ಮೇಲಕ್ಕೆ ಕೇಳುವುದಿಲ್ಲ.

ನಿನ್ನ ಅಣ್ಣ
ಲಕ್ಕಪ್ಪ